ದಿಬ್ಬೂರಹಳ್ಳಿಯ ಮೂರು ವಿಳಾಸ

ಶಿಡ್ಲಘಟ್ಟದಿಂದ ಉತ್ತರಕ್ಕೆ, ಹಿಪ್ಪುನೇರಳೆ ತೋಟ ಮತ್ತು ರಾಗಿ ಹೊಲಗಳನ್ನು ದಾಟಿ ಹೋದರೆ ದಿಬ್ಬೂರಹಳ್ಳಿ ಸಿಗುತ್ತದೆ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಇಲ್ಲಿನವರು ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕಾದರೆ ಚಿಕ್ಕಬಳ್ಳಾಪುರದ ದಾರಿ ಹಿಡಿಯುತ್ತಾರೆ. ಲೋಕಸಭೆಗೆ ಓಟು ಹಾಕುವ ದಿನ ಮಾತ್ರ ಕೋಲಾರದವರಾಗುತ್ತಾರೆ. ಊರು ಇದ್ದಲ್ಲೇ ಇದೆ. ಅದರ ಮೇಲೆ ಹಾದುಹೋದ ಗೆರೆಗಳು ಒಂದೊಂದು ಕಾಲಕ್ಕೆ ಒಂದೊಂದು ಥರ.

ರಾಜ್ಯದ 224 ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಶಿಡ್ಲಘಟ್ಟದ್ದು 142ನೇ ಸಂಖ್ಯೆ. ಯಾರು ಗೆದ್ದರು, ಯಾರು ಸೋತರು ಎಂದು ಬರೆಯಲು ಒಂದು ಪುಟ ಸಾಕು. ಆದರೆ ಈ ಕ್ಷೇತ್ರ ಈ ಆಕಾರಕ್ಕೆ ಬಂದದ್ದು ಹೇಗೆ ಎಂದು ಹಿಂದೆ ನಡೆದರೆ ಗೆದ್ದವರ ಹೆಸರಿಗಿಂತ ದೊಡ್ಡ ಸಂಗತಿಗಳು ಎದುರಾಗುತ್ತವೆ.

ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ಎಲ್ಲ ಜಿಲ್ಲೆಗಳಿಂದ ಸೇರಿ 144 ಮಂದಿ ಕೂತಿದ್ದರು. ಅವರನ್ನು ಯಾರೂ ಚುನಾಯಿಸಿರಲಿಲ್ಲ. ಹತ್ತು ವರ್ಷದ ಮೇಲೆ ಚುನಾವಣೆ ಬಂತಾದರೂ ಆಸ್ತಿ, ಕಂದಾಯ, ವಿದ್ಯೆ ಇದ್ದವರಿಗಷ್ಟೇ ಹಕ್ಕು ಸಿಕ್ಕಿತು. ದಿಬ್ಬೂರಹಳ್ಳಿಯಂಥ ಊರುಗಳ ಕೂಲಿಯವರು, ತೋಟಿ–ತಳವಾರರು, ಹೆಂಗಸರು ಆ ಲೆಕ್ಕಕ್ಕೆ ಬರಲೇ ಇಲ್ಲ. ಅವರ ಓಟಿನ ಚರಿತ್ರೆ ಶುರುವಾಗುವುದು ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ.

ಆ ಚುನಾವಣೆಯ ಬಗೆಯೇ ಬೇರೆ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಮುದ್ರೆ ಒತ್ತುವುದಿಲ್ಲ, ಬೆರಳು ಒತ್ತುವುದಿಲ್ಲ. ಕೊಟ್ಟ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. ಕಾಂಗ್ರೆಸ್ಸಿನದು ಜೋಡೆತ್ತು. ಅಕ್ಷರ ಬಾರದವರೂ ಎತ್ತನ್ನು ಗುರುತಿಸುತ್ತಿದ್ದರು. ಅಂದಿನ ಮೈಸೂರು ವಿಧಾನಸಭೆಗೆ 99 ಸ್ಥಾನ, ಕ್ಷೇತ್ರಗಳು ಮಾತ್ರ 80. ಉಳಿದ 19 ಎಲ್ಲಿ ಹೋದವು ಎಂದರೆ, 19 ಕ್ಷೇತ್ರಗಳಲ್ಲಿ ಇಬ್ಬಿಬ್ಬರು ಸದಸ್ಯರಿದ್ದರು. ಶಿಡ್ಲಘಟ್ಟವನ್ನು ಚಿಕ್ಕಬಳ್ಳಾಪುರದ ಜತೆ ಕಟ್ಟಿ ಅಂಥದ್ದೊಂದು ದ್ವಿಸದಸ್ಯ ಕ್ಷೇತ್ರ ಮಾಡಿದ್ದರು.

ದ್ವಿಸದಸ್ಯ ಕ್ಷೇತ್ರವೆಂದರೇನು ಎಂಬುದು ಇಂದಿನ ಬಹುತೇಕ ಮತದಾರರಿಗೆ ಗೊತ್ತಿಲ್ಲ. ಅದನ್ನು ತಿಳಿಯದೆ ಇಲ್ಲಿನ ಮುಂದಿನ ಕಥೆ ಪೂರ್ತಿಯಾಗದು. ಒಂದೇ ಸೀಮೆಯಿಂದ ಒಬ್ಬ ಸಾಮಾನ್ಯ ಸದಸ್ಯ, ಒಬ್ಬ ಮೀಸಲು ಸದಸ್ಯ. ಮತದಾರನ ಕೈಯಲ್ಲಿ ಎರಡು ಓಟು, ಎರಡನ್ನೂ ಒಬ್ಬನಿಗೇ ಕೊಡುವಂತಿಲ್ಲ. ಊರೊಳಗಿನ ಗೌಡನ ಓಟು ಕೇರಿಯಿಂದ ಬಂದ ಅಭ್ಯರ್ಥಿಗೂ ಬೇಕು, ಕೇರಿಯ ಓಟು ಗೌಡನಿಗೂ ಬೇಕು. ಒಬ್ಬರ ಮನೆ ಬಾಗಿಲಿಗೆ ಇನ್ನೊಬ್ಬರು ಬಾರದೆ ಗತಿಯಿಲ್ಲ. ಒಳ್ಳೆಯ ಉಪಾಯವೆಂದೇ ನನಗೆ ಅನಿಸುತ್ತದೆ. ಆದರೆ ಅದು ಹೆಚ್ಚು ಕಾಲ ಬಾಳಲಿಲ್ಲ. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರದಲ್ಲಿ ಎರಡೂ ಸ್ಥಾನಗಳನ್ನು ಬುಡಕಟ್ಟಿನ ಅಭ್ಯರ್ಥಿಗಳೇ ಗೆದ್ದರು, ವಿ.ವಿ. ಗಿರಿಯವರು ಸೋತರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗೆದ್ದವರದೇ ಸರಿ ಎಂದು 1959ರಲ್ಲಿ ತೀರ್ಪಾಯಿತು. 1961ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದುಮಾಡಿತು. ಅದೇ ಗಿರಿಯವರು ಕೆಲವೇ ವರ್ಷಗಳಲ್ಲಿ ಮೈಸೂರಿನ ರಾಜ್ಯಪಾಲರಾಗಿ ಬಂದರು, ಆಮೇಲೆ ರಾಷ್ಟ್ರಪತಿಯೂ ಆದರು.

ಅಲ್ಲಿಂದೀಚೆಗೆ ಒಂದು ಕ್ಷೇತ್ರಕ್ಕೆ ಒಬ್ಬನೇ ಶಾಸಕ. ವಿಧಾನಸಭೆಯ ಬಲ 1967ರಲ್ಲಿ 216ಕ್ಕೆ, 1978ರಲ್ಲಿ 224ಕ್ಕೆ ಏರಿತು. ಆಗ ಎಳೆದ ಗೆರೆಗಳು ಮೂವತ್ತು ವರ್ಷ ಅಲುಗಲಿಲ್ಲ. ಆ ಮೂವತ್ತು ವರ್ಷದ ಶಿಡ್ಲಘಟ್ಟವೆಂದರೆ ಬಹುಮಟ್ಟಿಗೆ ಎರಡು ಹೆಸರುಗಳ ಕಥೆ: ಕಾಂಗ್ರೆಸ್ಸಿನ ವಿ. ಮುನಿಯಪ್ಪ, ಜನತಾ ಪರಿವಾರದ ಎಸ್. ಮುನಿಶಾಮಪ್ಪ. ಹೊರಗಿನವರಿಗೆ ಹೆಸರುಗಳೇ ಗೊಂದಲ. ಅದಕ್ಕೆ ಸೇರಿ ಇನ್ನೊಬ್ಬ ಮುನಿಯಪ್ಪ ಬೇರೆ. ಇದೇ ತಾಲ್ಲೂಕಿನ ಕಂಬದಹಳ್ಳಿಯ ಕೆ.ಎಚ್. ಮುನಿಯಪ್ಪ 1991ರಿಂದ 2014ರವರೆಗೆ ಏಳು ಬಾರಿ ಕೋಲಾರದಿಂದ ಲೋಕಸಭೆಗೆ ಗೆದ್ದು, ಕೇಂದ್ರದಲ್ಲಿ ಮಂತ್ರಿಯೂ ಆದರು. ಮುನೇಶ್ವರ ಈ ಸೀಮೆಯ ಮನೆದೇವರು. ಮುನಿಯಪ್ಪ, ಮುನಿಶಾಮಪ್ಪ, ಮುನಿವೆಂಕಟಪ್ಪ ಇಲ್ಲದ ಮತದಾರರ ಪಟ್ಟಿಯ ಪುಟ ಇಲ್ಲಿ ಸಿಗುವುದು ಕಷ್ಟ.

ವಿ. ಮುನಿಯಪ್ಪ ಆರು ಬಾರಿ ಶಾಸಕರಾದವರು. 1999ರಲ್ಲಿ ಗೆದ್ದರು. 2004ರಲ್ಲಿ ಜೆಡಿಎಸ್‌ನಿಂದ ಮುನಿಶಾಮಪ್ಪ ಗೆದ್ದರು. 2008ರಲ್ಲಿ ಮತ್ತೆ ಮುನಿಯಪ್ಪ. ಎಸ್.ಎಂ. ಕೃಷ್ಣರ ಕಾಲ ಮುಗಿದು ಬಿಜೆಪಿ ಮೊದಲ ಬಾರಿಗೆ ತನ್ನದೇ ಸರ್ಕಾರ ರಚಿಸಿದ ಆ ವರ್ಷಗಳಲ್ಲೂ ಇಲ್ಲಿನ ಜನ ‘ಕೈ’ ಮತ್ತು ‘ತೆನೆ’ಯ ನಡುವೆಯೇ ಆರಿಸುತ್ತಿದ್ದರು. ಪಕ್ಕದ ಬಾಗೇಪಲ್ಲಿಯಲ್ಲಿ 1994 ಮತ್ತು 2004ರಲ್ಲಿ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ ಗೆದ್ದಿದ್ದನ್ನು ನೆನೆದರೆ, ಈ ಬಯಲುಸೀಮೆ ಉಳಿದ ಕರ್ನಾಟಕದ ಗಾಳಿಗೆ ತೂರಿಕೊಂಡು ಹೋಗುವುದಲ್ಲ ಎಂಬುದು ಗೊತ್ತಾಗುತ್ತದೆ. ತೆಲುಗು ಮನೆಯೊಳಗೆ, ಕನ್ನಡ ಕಚೇರಿಯಲ್ಲಿ, ಉರ್ದು ಗೂಡಿನ ಮಾರುಕಟ್ಟೆಯಲ್ಲಿ. ಪ್ರಚಾರದ ಭಾಷಣ ಮೂರರಲ್ಲೂ ನಡೆಯುತ್ತದೆ.

ಗೂಡಿನ ಮಾರುಕಟ್ಟೆಯ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಹಳ್ಳಿಯ ರೈತ ಹುಳ ಸಾಕಿ, ನಾಲ್ಕು ಜ್ವರ ದಾಟಿಸಿ, ಚಂದ್ರಿಕೆಗೆ ಬಿಟ್ಟು ಗೂಡು ಬಿಡಿಸಿ ತರುತ್ತಾನೆ. ಪಟ್ಟಣದ ರೀಲರ್, ಅವರಲ್ಲಿ ಹೆಚ್ಚಿನವರು ಮುಸ್ಲಿಮರು, ಕೊಂಡು ನೂಲು ತೆಗೆಯುತ್ತಾನೆ. ಊರಿನ ಒಕ್ಕಲಿಗ, ಕೇರಿಯ ದಲಿತ, ಪಟ್ಟಣದ ಮುಸ್ಲಿಂ ಮೂವರೂ ಒಂದೇ ಎಳೆಯಲ್ಲಿ ಸಿಕ್ಕಿಕೊಂಡಿದ್ದಾರೆ. ಜಾತಿ ಲೆಕ್ಕ ಹಾಕುವವರು ಇವರನ್ನು ಮೂರು ‘ಬ್ಯಾಂಕ್’ ಎಂದು ಬಿಡಿಸಿ ಬರೆಯುತ್ತಾರೆ, ಆದರೆ ಗೂಡಿನ ದರ ಬಿದ್ದ ದಿನ ಮೂವರ ಮನೆಯಲ್ಲೂ ಒಂದೇ ಚಿಂತೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾಗಿ ಬಂದಾಗ ಇಲ್ಲಿನ ತೋಟಗಳಲ್ಲಿ ಹಿಪ್ಪುನೇರಳೆಯನ್ನು ಕಿತ್ತವರುಂಟು. ಎರಡು ವರ್ಷದ ಮೇಲೆ ಸುಂಕವನ್ನು ಶೇ 15ಕ್ಕೆ ಏರಿಸಿದರು. ಆ ನಿರ್ಧಾರಗಳಲ್ಲಿ ಶಿಡ್ಲಘಟ್ಟದ ಶಾಸಕನಿಗೆ, ಯಾವ ಪಕ್ಷದವನೇ ಇರಲಿ, ಮಾತಿರಲಿಲ್ಲ.

ಇನ್ನು 2008ರ ಗೆರೆಗೆ ಬರೋಣ. ಈ ಲೇಖನ ಬರೆಯಲು ನನಗೆ ನಿಜವಾದ ಕಾರಣ ಅದೇ.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್‌ವಿಂಗಡಣಾ ಆಯೋಗ 2001ರ ಜನಗಣತಿಯನ್ನು ಹಿಡಿದು ಗೆರೆ ಎಳೆಯಿತು. ಜಿಲ್ಲೆ, ತಾಲ್ಲೂಕುಗಳ ಗಡಿಗೆ ಅದು ಆಧಾರವಾಗಿಟ್ಟುಕೊಂಡದ್ದು 2004ರ ಫೆಬ್ರುವರಿ 15ರಂದು ಇದ್ದ ನಕ್ಷೆಯನ್ನು. ಆ ದಿನ ಚಿಕ್ಕಬಳ್ಳಾಪುರ ಜಿಲ್ಲೆಯೇ ಇರಲಿಲ್ಲ. ಕೋಲಾರವನ್ನು ಒಡೆದು ಅದನ್ನು ಮಾಡಿದ್ದು 2007ರಲ್ಲಿ. ಹಾಗಾಗಿ ಆಯೋಗ ಮೀಸಲು ಸ್ಥಾನ ಹಂಚಿದ್ದು ಅಖಂಡ ಕೋಲಾರಕ್ಕೆ: ಒಟ್ಟು ಹನ್ನೊಂದು ಕ್ಷೇತ್ರ, ಅದರಲ್ಲಿ ಪರಿಶಿಷ್ಟ ಜಾತಿಗೆ ಮೂರು. ಆ ಮೂರೂ ದಕ್ಷಿಣಕ್ಕೆ ಹೋದವು: ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ. ಅಲ್ಲಿಯವರೆಗೆ ಮೀಸಲಾಗಿದ್ದ ಚಿಕ್ಕಬಳ್ಳಾಪುರ ಸಾಮಾನ್ಯ ಕ್ಷೇತ್ರವಾಯಿತು. 2008ರ ಮೇ ತಿಂಗಳಲ್ಲಿ ಹೊಸ ಗೆರೆಯ ಮೇಲೆ ಮೊದಲ ಓಟು ಬಿದ್ದಾಗ ಜಿಲ್ಲೆ ಎರಡಾಗಿತ್ತು. ಕೋಲಾರದಲ್ಲಿ ಆರು ಕ್ಷೇತ್ರ, ಮೂರು ಮೀಸಲು. ಚಿಕ್ಕಬಳ್ಳಾಪುರದಲ್ಲಿ ಐದು ಕ್ಷೇತ್ರ, ಒಂದೂ ಮೀಸಲಿಲ್ಲ.

ಆ ಐದು: ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. 2011ರ ಜನಗಣತಿಯ ಪ್ರಕಾರ ಈ ಜಿಲ್ಲೆಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿ, ಎಂಟು ಮಂದಿಯಲ್ಲಿ ಒಬ್ಬರು ಪರಿಶಿಷ್ಟ ಪಂಗಡ. ಅವರಿಗೆಂದು ಮೀಸಲಾದ ಒಂದು ವಿಧಾನಸಭಾ ಸ್ಥಾನವೂ ಜಿಲ್ಲೆಯಲ್ಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ, ಎರಡು ಸರ್ಕಾರಿ ಕಡತಗಳು ಬೇರೆ ಬೇರೆ ವೇಗದಲ್ಲಿ ನಡೆದದ್ದರಿಂದ ಆದದ್ದು. ಆದರೂ ಇದನ್ನು ತಾಂತ್ರಿಕ ವಿಚಾರವೆಂದು ತಳ್ಳಿಹಾಕಲು ನನ್ನಿಂದಾಗದು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಅಂಥದ್ದು ನಡೆದ ನೆಲದಲ್ಲಿ ವಿಧಾನಸಭೆಯಲ್ಲಿ ಯಾರು ಎದ್ದು ನಿಲ್ಲುತ್ತಾರೆ ಎಂಬುದು ಬರಿಯ ಲೆಕ್ಕದ ಪ್ರಶ್ನೆಯಲ್ಲ.

ಅದೇ ವಿಂಗಡಣೆ ಶಿಡ್ಲಘಟ್ಟ ಮತ್ತು ಚಿಂತಾಮಣಿಯನ್ನು ಕೋಲಾರ ಲೋಕಸಭಾ ಕ್ಷೇತ್ರದಲ್ಲಿ ಇರಿಸಿತು, ಅದು ಪರಿಶಿಷ್ಟ ಜಾತಿಗೆ ಮೀಸಲು. ಜಿಲ್ಲೆಯ ಉಳಿದ ಮೂರು ಕ್ಷೇತ್ರ ಚಿಕ್ಕಬಳ್ಳಾಪುರ ಲೋಕಸಭೆಗೆ. ಅದರಲ್ಲಿ ಯಲಹಂಕವೂ ಇದೆ, ನೆಲಮಂಗಲವೂ ಇದೆ, ಜಿಲ್ಲೆಯದೇ ಆದ ಶಿಡ್ಲಘಟ್ಟ ಇಲ್ಲ. ಇನ್ನೊಂದು ಕಡೆ, ಚಿಂತಾಮಣಿ ತಾಲ್ಲೂಕಿನ ಚಿಲಕಲನೇರ್ಪು ಹೋಬಳಿ ಶಾಸಕರ ಲೆಕ್ಕದಲ್ಲಿ ಶಿಡ್ಲಘಟ್ಟಕ್ಕೆ ಬಂತು. ಅಲ್ಲಿನವರು ತಹಶೀಲ್ದಾರರಿಗೆ ಒಂದು ಕಡೆ, ಶಾಸಕರಿಗೆ ಇನ್ನೊಂದು ಕಡೆ ಅಲೆಯಬೇಕು.

2008ರ ನಂತರದ ಚುನಾವಣೆಗಳನ್ನು ಬೇಗ ಹೇಳಿಬಿಡಬಹುದು. 2013ರಲ್ಲಿ ಜೆಡಿಎಸ್‌ನ ಎಂ. ರಾಜಣ್ಣ ಗೆದ್ದರು. 2018ರಲ್ಲಿ ಪಕ್ಷ ಹಾಲಿ ಶಾಸಕರನ್ನು ಬಿಟ್ಟು ಮೇಲೂರಿನ ಬಿ.ಎನ್. ರವಿಕುಮಾರ್ ಅವರನ್ನು ನಿಲ್ಲಿಸಿತು, ವಿ. ಮುನಿಯಪ್ಪ ಹತ್ತು ಸಾವಿರದ ಆಸುಪಾಸಿನ ಅಂತರದಲ್ಲಿ ಗೆದ್ದರು. 2023ರ ಫಲಿತಾಂಶ ಮಾತ್ರ ಬಿಡುವಂಥದ್ದಲ್ಲ. ಆ ವರ್ಷ ಕಾಂಗ್ರೆಸ್ ರಾಜ್ಯದಲ್ಲಿ 135 ಸ್ಥಾನ ಗೆದ್ದಿತು, ಜೆಡಿಎಸ್ 19ಕ್ಕೆ ಕುಸಿಯಿತು. ಆ ಹತ್ತೊಂಬತ್ತರಲ್ಲಿ ಒಂದು ಶಿಡ್ಲಘಟ್ಟ. ರವಿಕುಮಾರ್ ಗೆದ್ದರು. ಎರಡನೆಯ ಸ್ಥಾನಕ್ಕೆ ಬಂದದ್ದು ಪಕ್ಷೇತರರಾಗಿ ನಿಂತ ಪುಟ್ಟು ಆಂಜಿನಪ್ಪ. ರಾಜ್ಯ ಗೆದ್ದ ಕಾಂಗ್ರೆಸ್, ದಶಕಗಳ ಕಾಲ ವಿ. ಮುನಿಯಪ್ಪನವರು ಕಟ್ಟಿದ ನೆಲದಲ್ಲಿ ಮೂರನೆಯದಾಯಿತು. ಅದೇ ದಿನ ಗೌರಿಬಿದನೂರಿನಲ್ಲಿ ಪಕ್ಷೇತರ ಕೆ.ಎಚ್. ಪುಟ್ಟಸ್ವಾಮಿಗೌಡ ಗೆದ್ದಿದ್ದರು. ಪಕ್ಷದ ಚಿಹ್ನೆಯನ್ನು ಈ ಜಿಲ್ಲೆಯವರು ಬೇಕಾದಾಗ ಪಕ್ಕಕ್ಕಿಡಬಲ್ಲರು.

ಇದನ್ನು ಚಂಚಲತೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಲ್ಲಿನವರು ಕೇಳುತ್ತ ಬಂದದ್ದು ಒಂದೇ: ನೀರು. ಅದನ್ನು ಕೊಡಲಾಗದವರನ್ನು ಬದಲಿಸುತ್ತ ಬಂದಿದ್ದಾರೆ. 1983ರ ಜನತಾ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಅಂದು ಕೈಪಂಪು ಒತ್ತಿದರೆ ಬರುತ್ತಿದ್ದ ನೀರು ಇಂದು ಸಾವಿರ ಅಡಿ ದಾಟಿದರೂ ಸಿಗುವ ಖಾತ್ರಿಯಿಲ್ಲ, ಸಿಕ್ಕಿದ್ದರಲ್ಲಿ ಫ್ಲೋರೈಡ್. ಪಾಪಾಗ್ನಿ ಹುಟ್ಟುವ ತಲಕಾಯಲಬೆಟ್ಟ ಇದೇ ತಾಲ್ಲೂಕಿನದು. ಹುಟ್ಟಿದ ನದಿ ಮಳೆಗಾಲ ಬಿಟ್ಟರೆ ಮರಳು. ಶಾಶ್ವತ ನೀರಾವರಿಗಾಗಿ ಚಿಕ್ಕಬಳ್ಳಾಪುರದ ಬಳಿಯ ಚದಲಪುರ ಕ್ರಾಸ್‌ನಲ್ಲಿ ತಿಂಗಳುಗಟ್ಟಲೆ ಧರಣಿ ನಡೆಯಿತು. 2016ರ ಮಾರ್ಚ್‌ನಲ್ಲಿ ರೈತರು ಟ್ರ್ಯಾಕ್ಟರ್ ಏರಿ ಬೆಂಗಳೂರಿಗೆ ಹೊರಟರು. ರಾಜಧಾನಿಯ ಬಾಗಿಲಲ್ಲಿ ಲಾಠಿ ಬಿತ್ತು. 24 ಟಿಎಂಸಿ ಅಡಿಯ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಚಾಲನೆ ಸಿಕ್ಕಿತು. ಅದಕ್ಕೂ ಮೊದಲೇ ಜಿಲ್ಲೆಯ ಕೆರೆಗಳಿಗೆ ಬಂದದ್ದು ಹೆಬ್ಬಾಳ–ನಾಗವಾರ ಕಣಿವೆಯ ನೀರು, ಎಂದರೆ ಬೆಂಗಳೂರು ಬಳಸಿ ಬಿಟ್ಟ, ಎರಡು ಹಂತ ಸಂಸ್ಕರಿಸಿದ ಕೊಳಚೆ. ಮೂರನೆಯ ಹಂತದ ಸಂಸ್ಕರಣೆ ಮಾಡಿ ಕೊಡಿ ಎಂದು ಇಲ್ಲಿನವರು ಇನ್ನೂ ಕೇಳುತ್ತಲೇ ಇದ್ದಾರೆ.

ಊರಿಗೆ ಹತ್ತಿರದ ಪ್ರತಿನಿಧಿಯಾದರೂ ಇದ್ದಾರೆಯೇ ಎಂದರೆ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಮುಂದಿನ ಚುನಾವಣೆಯನ್ನು ಅಲ್ಲೂ ತಡೆದದ್ದು ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಗೆರೆಯೇ.

ಈಗ ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಎಂದು ದಿನ ಗೊತ್ತುಮಾಡಿದ್ದಾರೆ. 2026ರ ನಂತರದ ಮೊದಲ ಜನಗಣತಿಯವರೆಗೆ ಎಂದು ಸಂವಿಧಾನ ತಡೆಹಿಡಿದಿದ್ದ ಸ್ಥಾನ ಮರುಹಂಚಿಕೆಯ ಬಾಗಿಲು ಅಲ್ಲಿಗೆ ತೆರೆಯುತ್ತದೆ. ದಕ್ಷಿಣದ ರಾಜ್ಯಗಳು ಲೋಕಸಭೆಯಲ್ಲಿ ಎಷ್ಟು ಸ್ಥಾನ ಕಳೆದುಕೊಳ್ಳುತ್ತವೆ ಎಂಬ ವಾದ ಜೋರಾಗಿದೆ, ಆಗಲೇಬೇಕು. ಆದರೆ ಆ ಗದ್ದಲದಲ್ಲಿ ರಾಜ್ಯದೊಳಗಿನ ಗೆರೆಗಳ ಮಾತು ಕೇಳಿಸುತ್ತಿಲ್ಲ. ಈ ಬಾರಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗಿ ಲೆಕ್ಕಕ್ಕೆ ಬರಬೇಕು. ಐದರಲ್ಲಿ ಒಂದಾದರೂ ಮೀಸಲಾಗಬೇಕೆಂದು ಕೇಳಲು ಆಧಾರವಿದೆ. ಅದು ಶಿಡ್ಲಘಟ್ಟವೇ ಆದರೂ ಆಗಬಹುದು.

ಪುನರ್‌ವಿಂಗಡಣಾ ಆಯೋಗ ಮೊದಲು ಕರಡು ಪ್ರಕಟಿಸುತ್ತದೆ. ಆಕ್ಷೇಪಣೆಗೆ ಒಂದು ದಿನಾಂಕ ಗೊತ್ತುಮಾಡುತ್ತದೆ, ಬಹಿರಂಗ ಸಭೆ ನಡೆಸಿ ಅರ್ಜಿ ತೆಗೆದುಕೊಳ್ಳುತ್ತದೆ. ಅಂತಿಮ ಆದೇಶ ಗೆಜೆಟ್ಟಿನಲ್ಲಿ ಬಂದ ಮೇಲೆ ನ್ಯಾಯಾಲಯದ ಬಾಗಿಲು ಬಹುತೇಕ ಮುಚ್ಚಿದಂತೆಯೇ. ಆದ್ದರಿಂದ ದಿಬ್ಬೂರಹಳ್ಳಿಯಿಂದ ಅರ್ಜಿ ಹೋಗುವುದಿದ್ದರೆ ಆ ಕೆಲವೇ ವಾರಗಳಲ್ಲಿ ಹೋಗಬೇಕು. ಗೂಡಿನ ಕೆಲಸ ಎಷ್ಟೇ ಜೋರಿದ್ದರೂ ಯಾರಾದರೊಬ್ಬರು ಆ ಸಭೆಗೆ ಹೋಗಿ ಕೂರಬೇಕು.