ತೊಗರಿಯ ಬೆಲೆಯೂ ಎರೆಭೂಮಿಯ ಬಾಳಿಕೆಯೂ

(ಜಮೀನುದಾರರ ಹಾಗೂ ಗ್ರಾಮದ ಹಿರಿಯರ ತಿಳುವಳಿಕೆಗಾಗಿ)

ಭೀಮಾ ನದಿಯ ದಕ್ಷಿಣಕ್ಕಿರುವ ಜೇವರ್ಗಿ ಸೀಮೆಯ ಎರೆಭೂಮಿಗೆ ತೊಗರಿಯು ಬಹಳ ಒಪ್ಪುವ ಬೆಳೆಯಾಗಿರುತ್ತದೆ. ಇದರ ಬೇರು ಆಳಕ್ಕಿಳಿದು, ಮಳೆ ನಿಂತ ಮೇಲೂ ಕೆಳಗಿನ ತೇವವನ್ನು ಹೀರಿ ಗಿಡವನ್ನು ಬದುಕಿಸುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಉದುರಿದ ಎಲೆಯು ಗೊಬ್ಬರವಾಗುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019 ರಲ್ಲಿ ಭೌಗೋಳಿಕ ಗುರುತು ದೊರೆತಿರುವುದು ಈ ನೆಲದ ಗುಣಕ್ಕೆ ಸಂದ ಮನ್ನಣೆಯಾಗಿದೆ. ಆದರೆ ಇಷ್ಟು ಹಿತವಾದ ಬೆಳೆಯೂ ಪ್ರತಿವರ್ಷ ಒಂದೇ ಹೊಲದಲ್ಲಿ ಬಿತ್ತಲ್ಪಟ್ಟರೆ ಹೊಲವನ್ನು ಕೆಡಿಸುವುದು. ಇದು ಹೇಗೆ, ಮತ್ತು ಇದನ್ನು ತಡೆಯುವಲ್ಲಿ ಸರ್ಕಾರ, ವ್ಯಾಪಾರಿ, ಒಕ್ಕಲಿಗ ಈ ಮೂವರ ಪಾಲು ಏನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ನೆಟೆರೋಗದ ಸ್ವರೂಪ

ಹೂವು ಕಾಯಿ ಹಿಡಿಯುವ ಸಮಯದಲ್ಲಿ, ನೆಲದಲ್ಲಿ ತೇವವಿದ್ದರೂ ಎಲೆಗಳು ಹಳದಿಯಾಗಿ ಜೋತುಬಿದ್ದು ಗಿಡ ಒಣಗತೊಡಗಿದರೆ ಅದು ನೆಟೆರೋಗವೆಂದು ಶಂಕಿಸತಕ್ಕದ್ದು. ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟೆಯು ಏರಿರುವುದು. ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆಗಳು ಕಾಣುವುವು. ಫ್ಯುಸೇರಿಯಂ ಎಂಬ ಬೂಸ್ಟು ಮಣ್ಣಿನಿಂದ ಬೇರನ್ನು ಹೊಕ್ಕು ನೀರೇರುವ ನಾಳಗಳನ್ನು ಮುಚ್ಚಿಬಿಡುವುದೇ ಇದಕ್ಕೆ ಕಾರಣ. ಈ ಬೂಸ್ಟು ಬೆಳೆಯ ಕೂಳೆಯಲ್ಲಿ ಸೇರಿಕೊಂಡು ಹಲವು ವರ್ಷ ಜೀವ ಹಿಡಿದಿರಬಲ್ಲದು. ಮತ್ತೆ ತೊಗರಿ ಬಿತ್ತಿದರೆ ಅದಕ್ಕೆ ಮತ್ತೆ ಆಹಾರ ಒದಗಿದಂತಾಗುವುದು. 2022-23 ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಹೊಲಗಳು ಈ ರೋಗದಿಂದ ವಿಸ್ತಾರವಾಗಿ ಒಣಗಿದವು. ಸರ್ಕಾರವು ಪರಿಹಾರಧನವನ್ನು ಘೋಷಿಸಿತು. ಆದರೆ ಮಣ್ಣಿನಲ್ಲಿ ಉಳಿದ ರೋಗವು ಹಣದಿಂದ ಅಳಿಯತಕ್ಕದ್ದಲ್ಲ.

2. ಬೆಲೆಯು ಹೊಲವನ್ನು ಕೆಡಿಸುವ ಬಗೆ

ಪೈರು ಬದಲಿಸಬೇಕೆಂಬುದು ಒಕ್ಕಲಿಗನಿಗೆ ತಿಳಿಯದ ಮಾತಲ್ಲ. ಆದರೂ ಬದಲಿಸದಿರುವುದಕ್ಕೆ ಪೇಟೆಯೇ ಮುಖ್ಯ ಕಾರಣ. 2015 ರ ಕೊನೆಯಲ್ಲಿ ದೇಶದ ಕೆಲವು ನಗರಗಳಲ್ಲಿ ತೊಗರಿಬೇಳೆಯ ಬೆಲೆ ಕಿಲೋಗೆ 200 ರೂಪಾಯಿಯ ಸಮೀಪಕ್ಕೆ ಏರಿತು. ಅದನ್ನು ಕಂಡು ಮರುವರ್ಷ ಎಲ್ಲೆಡೆ ತೊಗರಿಯನ್ನೇ ಹೆಚ್ಚಾಗಿ ಬಿತ್ತಿದರು, ಮಳೆಯೂ ಅನುಕೂಲಿಸಿತು. 2017 ರ ಆರಂಭದಲ್ಲಿ ರಾಶಿಯು ಪೇಟೆಗೆ ಬಂದಾಗ ದರವು ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಹೀಗೆ ದರ ಏರಿದ ವರ್ಷ ಆಸೆಯಿಂದಲೂ, ಇಳಿದ ವರ್ಷ ಸಾಲ ತೀರಿಸುವ ಚಿಂತೆಯಿಂದಲೂ ಒಂದೇ ಬೆಳೆಯು ಹೊಲದಲ್ಲಿ ಉಳಿದುಬಿಡುವುದು.

3. ಸರ್ಕಾರದ ಪಾಲು

ಹಿಂದಿನ ಹೈದರಾಬಾದು ಸಂಸ್ಥಾನದಲ್ಲಿ ಫಸಲಿ 1339 ರಲ್ಲಿ, ಅಂದರೆ 1930 ರ ಸುಮಾರಿಗೆ, ಕೃಷಿ ಮಾರುಕಟ್ಟೆಗಳ ಕಾನೂನು ಆಯಿತು. ತೂಕ ಹಾಗೂ ವಟಾವಗಳಲ್ಲಿ ಒಕ್ಕಲಿಗನಿಗೆ ಆಗುವ ಅನ್ಯಾಯವನ್ನು ತಡೆಯುವುದೇ ಇಂಥ ಕಾನೂನಿನ ಉದ್ದೇಶ. ಇಂದು ಅಷ್ಟು ಸಾಲದು. 2025-26 ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ, ಮಾಲದಂಡಿ ಜೋಳದ್ದು 3,749 ರೂಪಾಯಿ ಎಂದು ನಿಗದಿಯಾಯಿತು. ಬೆಲೆಯನ್ನು ಸಾರಿದರೆ ಮಾತ್ರ ಆಗದು. ರಾಶಿಯಾದ ಕೂಡಲೇ ಖರೀದಿ ಕೇಂದ್ರ ತೆರೆಯಬೇಕು, ಮತ್ತು ತೊಗರಿಯಂತೆ ಜೋಳವನ್ನೂ ಕೊಳ್ಳಬೇಕು. 2021 ರ ಮೇ ತಿಂಗಳಲ್ಲಿ ಹೊರದೇಶಗಳ ತೊಗರಿಗೆ ಆಮದಿನ ನಿರ್ಬಂಧವನ್ನು ತೆಗೆಯಲಾಯಿತು. ಇಂತಹ ನಿರ್ಣಯಗಳು ಬಿತ್ತನೆಗೆ ಮೊದಲೇ ತಿಳಿದರೆ ಒಕ್ಕಲಿಗನು ತನ್ನ ಲೆಕ್ಕ ಹಾಕಿಕೊಳ್ಳಬಲ್ಲನು.

4. ವ್ಯಾಪಾರಿಗಳ ಪಾಲು

ಕಲಬುರಗಿಯ ಬೇಳೆ ಗಿರಣಿಗಳು ಈ ಸೀಮೆಯ ತೊಗರಿಯನ್ನೇ ನೆಚ್ಚಿಕೊಂಡಿರುತ್ತವೆ. ಹೊಲಗಳು ಸೊರಗಿದರೆ ಗಿರಣಿಯ ಗಾಲಿಯೂ ನಿಲ್ಲುವುದು. ಆದುದರಿಂದ ಶುದ್ಧವಾದ, ಒಂದೇ ತಳಿಯ, ಒಣಗಿದ ಕಾಳಿಗೆ ಹೆಚ್ಚಿನ ದರ ಕೊಡುವುದು ಅವರಿಗೂ ಲಾಭವೇ. ಭೌಗೋಳಿಕ ಗುರುತಿನಿಂದ ಬರುವ ಹೆಚ್ಚಳವು ಅಡತಿಯ ಅಂಗಡಿಯಲ್ಲಿ ನಿಲ್ಲದೆ ಕಣದವರೆಗೆ ಬರತಕ್ಕದ್ದು.

5. ಜಮೀನುದಾರರು ಮಾಡತಕ್ಕದ್ದು

(ಅ) ರೋಗ ಕಂಡ ಹೊಲದಲ್ಲಿ ಕನಿಷ್ಠ ಎರಡು ಮೂರು ವರ್ಷ ತೊಗರಿಯನ್ನು ಬಿಟ್ಟು, ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಬಿತ್ತಬಹುದು. ಕ್ವಿಂಟಲಿನ ದರವನ್ನಷ್ಟೇ ಹೋಲಿಸಬಾರದು. ಎರಡು ಬೆಳೆಗಳ ಒಟ್ಟು ಹುಟ್ಟುವಳಿಯನ್ನೂ ದನಗಳಿಗೆ ದೊರೆಯುವ ಕಣಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

(ಆ) ಉಳಿದ ಹೊಲಗಳಲ್ಲಿ ತೊಗರಿಯ ಸಾಲುಗಳ ನಡುವೆ ಜೋಳದ ಸಾಲುಗಳನ್ನು ಹಾಕಿದರೆ ರೋಗದ ಬಾಧೆ ಕಡಿಮೆಯಾಗುವುದು.

(ಇ) ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊರಬಂದ ಟಿ.ಎಸ್.-3ಆರ್, ಜಿ.ಆರ್.ಜಿ.-811 ಮುಂತಾದ ರೋಗ ತಡೆಯುವ ತಳಿಗಳ ಬೀಜವನ್ನು ಆರಿಸಿ, ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ ಬಿತ್ತಬೇಕು. ತಳಿ ಎಷ್ಟೇ ಉತ್ತಮವಾದರೂ ಪೈರು ಬದಲಿಸುವುದನ್ನು ಬಿಡಬಾರದು.

(ಈ) ಒಣಗಿದ ಗಿಡಗಳನ್ನು ಬೇರುಸಹಿತ ಕಿತ್ತು ಸುಡತಕ್ಕದ್ದು.

(ಉ) ಖರೀದಿ ಕೇಂದ್ರಕ್ಕೆ ಒಯ್ಯುವ ಕಾಳಿನ ತೇವಾಂಶವು ಶೇಕಡಾ 12 ಕ್ಕಿಂತ ಹೆಚ್ಚಿರದಂತೆ ಒಣಗಿಸಿ, ಫ್ರೂಟ್ಸ್ ದಾಖಲೆಯಲ್ಲಿ ಹೆಸರನ್ನು ಮುಂಚಿತವಾಗಿ ನೋಂದಾಯಿಸಿರಬೇಕು.

ಇವುಗಳನ್ನು ಒಬ್ಬ ಒಕ್ಕಲಿಗನು ಪಾಲಿಸಿ ನೆರೆಯವನು ಬಿಟ್ಟರೆ ಫಲ ಕಡಿಮೆ. ಮಳೆನೀರಿನೊಡನೆ ರೋಗವು ಒಂದು ಹೊಲದಿಂದ ಇನ್ನೊಂದಕ್ಕೆ ಹರಿಯುವುದು. ಆದಕಾರಣ ಗ್ರಾಮದ ಹಿರಿಯರು ಮುಂಗಾರಿಗೆ ಮೊದಲೇ ಜನರನ್ನು ಕೂಡಿಸಿ, ಯಾವ ಹೊಲಗಳಲ್ಲಿ ಆ ವರ್ಷ ತೊಗರಿ ಬಿಡತಕ್ಕದ್ದೆಂದು ಗೊತ್ತುಮಾಡುವುದು ಉಚಿತ. ಹಾಗೆ ಬಿಟ್ಟವರ ಜೋಳಕ್ಕೆ ಖರೀದಿ ಕೇಂದ್ರವನ್ನು ತೆರೆಯಬೇಕೆಂದು ಅಧಿಕಾರಿಗಳನ್ನು ಒಟ್ಟಾಗಿ ಕೇಳುವುದೂ ಅವರ ಹಕ್ಕಾಗಿರುತ್ತದೆ.