ಬಾಣಂತಿ ಮನೆಯ ಬಾಗಿಲಲ್ಲಿ ಆಶಾ ಕಾರ್ಯಕರ್ತೆ

ಹೋದ ಮಳೆಗಾಲದ ಒಂದು ಸಂಜೆ, ಒಂಬತ್ತು ದಿನದ ಹೆಣ್ಣುಕೂಸನ್ನು ನನ್ನ ಕ್ಲಿನಿಕ್ಕಿಗೆ ಎತ್ತಿಕೊಂಡು ಬಂದರು. 'ಬಹಳ ಸಾಧು ಮಗು ಡಾಕ್ಟ್ರೇ, ಎರಡು ದಿನದಿಂದ ಅಳುವೇ ಇಲ್ಲ' ಎಂದರು ಅಜ್ಜಿ. ಮುಟ್ಟಿ ನೋಡಿದೆ. ಪಾದವಷ್ಟೇ ಅಲ್ಲ, ಹೊಟ್ಟೆಯೂ ತಣ್ಣಗಿತ್ತು. ಮೊಲೆ ಚೀಪುವ ಶಕ್ತಿಯೂ ಉಳಿದಿರಲಿಲ್ಲ. ಅದು ಸಾಧುತನವಲ್ಲ, ರಕ್ತಕ್ಕೆ ಸೋಂಕು ತಗುಲಿದ ಲಕ್ಷಣ. ಕೂಸನ್ನು ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ ಒರಗಿಸಿ, ಮೇಲೆ ಹೊದಿಕೆ ಸುತ್ತಿ, 108 ಆಂಬುಲೆನ್ಸ್‌ನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ.

ಅವರನ್ನು ಕರೆತಂದಿದ್ದ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಹೊರಗೇ ನಿಂತಿದ್ದರು. ಏಳನೆಯ ದಿನವೇ ಅವರು ತಕ್ಕಡಿ ಹಿಡಿದು ಮನೆಗೆ ಹೋಗಿದ್ದರಂತೆ. 'ಹನ್ನೊಂದು ದಿನ ಕಳೆಯಲಿ, ಹೊರಗಿನವರು ಕೂಸು ಮುಟ್ಟುವುದು ಬೇಡ' ಎಂದು ಬಾಗಿಲಿನಿಂದಲೇ ಕಳಿಸಿದ್ದರು. ಹುಟ್ಟಿದಾಗ ಕೂಸಿನ ತೂಕ 2.1 ಕಿಲೊ ಮಾತ್ರ. ಅದು ಮನಸ್ಸಿನಲ್ಲಿದ್ದುದರಿಂದ ಮತ್ತೆ ಹೋದರು. ಅಂಗಳದಲ್ಲೇ ನಿಂತು 'ಹಾಲು ಕುಡೀತಾ ಇದೆಯಾ?' ಎಂದು ಕೇಳಿದರು. ಒಳಗಿನಿಂದ ಬಂದ ಉತ್ತರ ಅವರಿಗೆ ಸರಿಕಾಣಲಿಲ್ಲ.

ಹನ್ನೊಂದು ದಿನದ ಕಟ್ಟುಪಾಡನ್ನು ನಾನು ಹೀಯಾಳಿಸುವವನಲ್ಲ. ನೋಡಲು ಬಂದವರೆಲ್ಲ ಕೂಸನ್ನು ಎತ್ತಿ ಮುದ್ದಾಡದಿದ್ದರೆ ಒಳ್ಳೆಯದೇ. ಆದರೆ ಸೋಪು ಹಚ್ಚಿ ಕೈ ತೊಳೆದು ತೂಕ ನೋಡಲು ಬಂದವರನ್ನೂ ಅದೇ ಸಾಲಿಗೆ ಸೇರಿಸಬಾರದು.

ಹಸುಗೂಸಿಗೆ ಅಪಾಯ ಹೆಚ್ಚಿರುವುದು ಮೊದಲ ವಾರದಲ್ಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಅಷ್ಟರೊಳಗೆ ತಾಯಿ ಮಗು ಮನೆ ಸೇರಿರುತ್ತಾರೆ. ಆದ್ದರಿಂದಲೇ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಬರಬೇಕು. 2011ರಲ್ಲಿ ಈ ಯೋಜನೆ ಆರಂಭವಾದಾಗ ಇಷ್ಟೂ ಭೇಟಿಗೆ ಸೇರಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಬರೆಯಲು ನನಗೇ ಸಂಕೋಚವಾಗುತ್ತದೆ.

ಇದರ ಬೇರು ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿದೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಅಲ್ಲಿನ 39 ಹಳ್ಳಿಗಳಲ್ಲಿ ಸ್ಥಳೀಯ ಹೆಂಗಸರಿಗೇ ಹಸುಗೂಸಿನ ಆರೈಕೆ ಕಲಿಸಿದರು. ಸಾವಿರಕ್ಕೆ 62ರಷ್ಟಿದ್ದ ನವಜಾತ ಶಿಶುಗಳ ಸಾವು ಮೂರು ವರ್ಷಗಳಲ್ಲಿ 25ರ ಆಸುಪಾಸಿಗೆ ಇಳಿಯಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಆಶಾ ಕಾರ್ಯಕರ್ತೆ ನೋಡುವುದನ್ನು ಮನೆಯವರೂ ನೋಡಬಹುದು. ಮಗು ಹಾಲು ಕುಡಿಯುವುದನ್ನು ಬಿಟ್ಟಿದೆಯೇ? ಕೈಕಾಲು ಜೋಲುಬಿದ್ದಿದೆಯೇ? ಮೈ ತಣ್ಣಗಿದೆಯೇ, ಇಲ್ಲವೇ ಸುಡುತ್ತಿದೆಯೇ? ಹೊಕ್ಕುಳಲ್ಲಿ ಕೀವು ಇದೆಯೇ? ಮಗು ಸುಮ್ಮನಿರುವಾಗ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ, ಅಥವಾ ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ. ಮೊದಲು ಹೇಳಿದ ಲಕ್ಷಣಗಳಲ್ಲಿ ಯಾವುದು ಕಂಡರೂ ಹಾಗೆಯೇ.

ಆ ಮಗು ಎರಡು ವಾರದ ನಂತರ ಮನೆಗೆ ಬಂತು. 28ನೇ ದಿನ ತೂಕ 2.4 ಕಿಲೊ. ಅಂದು ಕೈ ತೊಳೆಯಲು ನೀರು ಹಾಕಿದವರು ಅಜ್ಜಿಯೇ ಅಂತೆ.