ಸ್ಟಾರ್ ಕ್ರೆಸ್ಟ್ ಪ್ರಶಸ್ತಿಗಳು

ಸ್ಟಾರ್ ಕ್ರೆಸ್ಟ್ ಪ್ರಶಸ್ತಿಗಳು ಸ್ಕೈಡೈವಿಂಗ್ ಕ್ರೀಡೆಯಲ್ಲಿ ಸಮೂಹ ಜಿಗಿತದ ಕೌಶಲವನ್ನು ಗುರುತಿಸಿ ನೀಡಲಾಗುವ ಸಾಂಪ್ರದಾಯಿಕ ಮನ್ನಣೆಗಳಾಗಿವೆ. ವಿಮಾನದಿಂದ ಜಿಗಿದ ಎಂಟು ಅಥವಾ ಅದಕ್ಕಿಂತ ಹೆಚ್ಚು ಮಂದಿ, ಪ್ಯಾರಾಶೂಟ್ ಬಿಚ್ಚುವುದಕ್ಕೆ ಮೊದಲು, ಆಕಾಶದಲ್ಲಿಯೇ ಪರಸ್ಪರ ಕೈ ಹಿಡಿದು ವೃತ್ತಾಕಾರದ ವಿನ್ಯಾಸವನ್ನು ರಚಿಸಿದಾಗ ಅದರಲ್ಲಿ ಪಾಲ್ಗೊಂಡವರು ಈ ಮನ್ನಣೆಗೆ ಅರ್ಹರಾಗುತ್ತಾರೆ. ಈ ವೃತ್ತವನ್ನು ಜಿಗಿತಗಾರರು 'ಸ್ಟಾರ್' ಅಂದರೆ ನಕ್ಷತ್ರ ಎಂದು ಕರೆಯುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1960ರ ದಶಕದಲ್ಲಿ ಹುಟ್ಟಿದ ಈ ಸಂಪ್ರದಾಯವು ಬಾಬ್ ಬುಕ್ವೋರ್ ಎಂಬ ಜಿಗಿತಗಾರ ಮತ್ತು ಛಾಯಾಗ್ರಾಹಕನ ಸ್ಮರಣಾರ್ಥ ಸ್ಥಾಪಿತವಾದುದು. ಕ್ರೀಡೆಗೆ ಹೊಸದಾಗಿ ಬಂದವರು ಪ್ರಾಥಮಿಕ ಪರವಾನಗಿ ಪಡೆದ ಬಳಿಕ ಸಾಮಾನ್ಯವಾಗಿ ಎದುರುನೋಡುವ ಮೊದಲ ದೊಡ್ಡ ಗುರಿಗಳಲ್ಲಿ ಇದೂ ಒಂದಾಗಿದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಪ್ಯಾರಾಶೂಟ್ ಜಿಗಿತವು ಸೈನಿಕ ತರಬೇತಿಯ ಎಲ್ಲೆಯನ್ನು ದಾಟಿ ಕ್ರೀಡೆಯಾಗಿ ಬೆಳೆಯಿತು. ಆರಂಭದ ಸ್ಪರ್ಧೆಗಳಲ್ಲಿ ನೆಲದ ಮೇಲೆ ಗುರುತಿಸಿದ ಬಿಂದುವಿನ ಮೇಲೆ ನಿಖರವಾಗಿ ಇಳಿಯುವುದು ಹಾಗೂ ಮುಕ್ತ ಪತನದಲ್ಲಿ ಒಬ್ಬನೇ ತಿರುವು ಮತ್ತು ಪಲ್ಟಿಗಳನ್ನು ಮಾಡುವುದು ಮುಖ್ಯವಾಗಿದ್ದವು. ಇವೆರಡೂ ಏಕವ್ಯಕ್ತಿಯ ಸಾಧನೆಗಳು. ಬೀಳುತ್ತಿರುವ ಇಬ್ಬರು ಆಕಾಶದಲ್ಲಿ ಪರಸ್ಪರ ಸಮೀಪಿಸಿ ಮುಟ್ಟಬಹುದೆಂಬ ಕಲ್ಪನೆಯೇ ಆಗ ಹೊಸದಾಗಿತ್ತು. 1950ರ ದಶಕದ ಕೊನೆಯ ಭಾಗದಲ್ಲಿ ಒಬ್ಬ ಜಿಗಿತಗಾರ ಮತ್ತೊಬ್ಬನಿಗೆ ಮುಕ್ತ ಪತನದಲ್ಲಿ ಚಿಕ್ಕ ಕೋಲೊಂದನ್ನು ಹಸ್ತಾಂತರಿಸುವ ಪ್ರಯೋಗಗಳು ಯಶಸ್ವಿಯಾದವು. ರಿಲೇ ಓಟದಲ್ಲಿ ಕೋಲನ್ನು ಕೊಡುವಂತೆ ನಡೆಯುತ್ತಿದ್ದ ಈ ಕ್ರಿಯೆಯೇ ಸಮೂಹ ಜಿಗಿತದ ಮೊದಲ ಹೆಜ್ಜೆ.

ಕೋಲನ್ನು ಕೈಬಿಟ್ಟು ಕೈಯನ್ನೇ ಹಿಡಿಯುವ ಹಂತಕ್ಕೆ ಬಂದಾಗ ಮೂವರು, ನಾಲ್ವರು, ಆರು ಮಂದಿ ಸೇರಿ ವೃತ್ತಗಳನ್ನು ರಚಿಸತೊಡಗಿದರು. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ನಗರದ ಬಳಿಯ ಆರ್ವಿನ್ ಎಂಬ ಚಿಕ್ಕ ಊರಿನ ಜಿಗಿತ ಕೇಂದ್ರವು ಈ ಪ್ರಯೋಗಗಳ ನೆಲೆಯಾಯಿತು. 1965ರ ಅಕ್ಟೋಬರ್ ತಿಂಗಳಿನಲ್ಲಿ ಇಲ್ಲಿಯೇ ಎಂಟು ಮಂದಿಯ ಮೊದಲ ನಕ್ಷತ್ರ ಪೂರ್ಣಗೊಂಡಿತು.

ಬಾಬ್ ಬುಕ್ವೋರ್ ಮತ್ತು ಪ್ರಶಸ್ತಿಯ ಸ್ಥಾಪನೆ

ಆರ್ವಿನ್ ತಂಡದ ಪ್ರೇರಕ ಶಕ್ತಿಯಾಗಿದ್ದವನು ಬಾಬ್ ಬುಕ್ವೋರ್. ಆತ ಶಿರಸ್ತ್ರಾಣಕ್ಕೆ ಕ್ಯಾಮೆರಾ ಅಳವಡಿಸಿಕೊಂಡು ಮುಕ್ತ ಪತನದಲ್ಲಿ ಚಿತ್ರೀಕರಣ ಮಾಡುತ್ತಿದ್ದ ಆರಂಭಿಕರಲ್ಲಿ ಒಬ್ಬನಾಗಿದ್ದನು. ವಿನ್ಯಾಸವು ನಿಜವಾಗಿ ಪೂರ್ಣಗೊಂಡಿತೇ, ಯಾರು ಯಾವಾಗ ಸೇರಿಕೊಂಡರು ಎಂಬುದನ್ನು ನೆಲದಿಂದ ಕಾಣುವುದು ಕಷ್ಟ. ಆದುದರಿಂದ ಆಕಾಶದಲ್ಲಿಯೇ ತೆಗೆದ ಚಿತ್ರವು ಸಾಧನೆಗೆ ಸಾಕ್ಷಿಯಾಗುತ್ತಿತ್ತು. ತಪ್ಪುಗಳನ್ನು ಅರಿಯುವುದಕ್ಕೂ ನೆರವಾಗುತ್ತಿತ್ತು.

1966ರಲ್ಲಿ 'ಡೋಂಟ್ ಮೇಕ್ ವೇವ್ಸ್' ಎಂಬ ಹಾಲಿವುಡ್ ಚಲನಚಿತ್ರದ ಸ್ಕೈಡೈವಿಂಗ್ ದೃಶ್ಯಗಳ ಚಿತ್ರೀಕರಣದ ಸಂದರ್ಭದಲ್ಲಿ ಬುಕ್ವೋರ್ ಸಮುದ್ರಕ್ಕೆ ಇಳಿದು ನೀರಿನಲ್ಲಿ ಮುಳುಗಿ ಮೃತನಾದನು. ಅಲೆಕ್ಸಾಂಡರ್ ಮೆಕೆಂಡ್ರಿಕ್ ನಿರ್ದೇಶಿಸಿದ, ಟೋನಿ ಕರ್ಟಿಸ್ ಮತ್ತು ಶೆರನ್ ಟೇಟ್ ಮೊದಲಾದವರು ನಟಿಸಿದ ಆ ಚಿತ್ರ 1967ರಲ್ಲಿ ಬಿಡುಗಡೆಯಾಯಿತು. ಆಕಾಶದ ಅಪಾಯಗಳನ್ನು ನೂರಾರು ಬಾರಿ ಎದುರಿಸಿದವನನ್ನು ನೀರು ಬಲಿ ತೆಗೆದುಕೊಂಡ ಈ ಘಟನೆ ಸಂಗಡಿಗರನ್ನು ತೀವ್ರವಾಗಿ ಕಲಕಿತು. ಪ್ಯಾರಾಶೂಟ್‌ನ ಕಟ್ಟುಗಳು, ದಾರಗಳು ಮತ್ತು ಒದ್ದೆಯಾದ ಬಟ್ಟೆಯ ಭಾರದಿಂದಾಗಿ ನೀರಿನಲ್ಲಿ ಇಳಿಯುವುದು ಜಿಗಿತಗಾರರಿಗೆ ಇಂದಿಗೂ ಪ್ರಾಣಾಪಾಯದ ಸನ್ನಿವೇಶವಾಗಿಯೇ ಉಳಿದಿದೆ.

ಬುಕ್ವೋರ್‌ನ ಸಹಜಿಗಿತಗಾರನಾಗಿದ್ದ ಬಿಲ್ ನ್ಯೂವೆಲ್ 1967ರಲ್ಲಿ ಗೆಳೆಯನ ನೆನಪಿಗಾಗಿ 'ಬಾಬ್ ಬುಕ್ವೋರ್ ಸ್ಮಾರಕ ಸ್ಟಾರ್ ಕ್ರೆಸ್ಟ್' ಎಂಬ ಮನ್ನಣೆಯನ್ನು ಆರಂಭಿಸಿದನು. ಎಂಟು ಮಂದಿಯ ನಕ್ಷತ್ರವೇ ಆ ಕಾಲದ ಅತ್ಯುನ್ನತ ಸಾಧನೆಗಳಲ್ಲಿ ಒಂದಾಗಿದ್ದುದರಿಂದ ಎಂಟು ಎಂಬ ಸಂಖ್ಯೆಯೇ ಅರ್ಹತೆಯ ಅಳತೆಗೋಲಾಯಿತು. ಮುಂದೆ ನೂರಾರು ಮಂದಿಯ ವಿನ್ಯಾಸಗಳು ಸಾಧ್ಯವಾದರೂ ಈ ಅಳತೆಗೋಲು ಬದಲಾಗಲಿಲ್ಲ.

ಪ್ರಶಸ್ತಿಯ ಪ್ರಕಾರಗಳು

ಸ್ಟಾರ್ ಕ್ರೆಸ್ಟ್ ರೆಸಿಪಿಯೆಂಟ್ (ಎಸ್‌ಸಿಆರ್): ಇದು ಮೂಲ ಪ್ರಶಸ್ತಿ. ಎಂಟು ಅಥವಾ ಹೆಚ್ಚು ಮಂದಿಯ ನಕ್ಷತ್ರದಲ್ಲಿ ಪಾಲ್ಗೊಂಡವರಿಗೆ ದೊರೆಯುತ್ತದೆ. ವಿನ್ಯಾಸದಲ್ಲಿ ಎಷ್ಟನೆಯವರಾಗಿ ಸೇರಿದರೆಂಬುದು ಇಲ್ಲಿ ಮುಖ್ಯವಲ್ಲ.

ಸ್ಟಾರ್ ಕ್ರೆಸ್ಟ್ ಸೋಲೋಯಿಸ್ಟ್ (ಎಸ್‌ಸಿಎಸ್): ಇದು ಮುಂದಿನ ಮೆಟ್ಟಿಲು. ನಕ್ಷತ್ರಕ್ಕೆ ಎಂಟನೆಯವರಾಗಿ ಅಥವಾ ಅದಕ್ಕೂ ನಂತರ ಸೇರಿಕೊಂಡವರಿಗೆ ಮಾತ್ರ ಸಲ್ಲುತ್ತದೆ. ಎಲ್ಲರೂ ಸೇರಿ ಸಿದ್ಧಗೊಳಿಸಿದ ವೃತ್ತವನ್ನು ಕೆಡಿಸದೆ ಕೊನೆಯಲ್ಲಿ ಬಂದು ಸೇರುವುದು ಕಠಿಣವಾದುದರಿಂದ ಇದನ್ನು ಹೆಚ್ಚಿನ ಗೌರವವೆಂದು ಭಾವಿಸಲಾಗುತ್ತದೆ.

ರಾತ್ರಿ ಪ್ರಶಸ್ತಿಗಳು: ಮೇಲಿನ ಎರಡೂ ಸಾಧನೆಗಳನ್ನು ರಾತ್ರಿಯ ವೇಳೆ ಮಾಡಿದವರಿಗೆ ಪ್ರತ್ಯೇಕವಾದ ಎನ್‌ಎಸ್‌ಸಿಆರ್ ಮತ್ತು ಎನ್‌ಎಸ್‌ಸಿಎಸ್ ಪ್ರಶಸ್ತಿಗಳಿವೆ. ಕತ್ತಲೆಯಲ್ಲಿ ಅಂತರ ಮತ್ತು ವೇಗಗಳ ಅಂದಾಜು ತಪ್ಪುವುದು ಸುಲಭವಾದುದರಿಂದ ಇವು ಅನುಭವಿಗಳ ಗುರಿಗಳಾಗಿವೆ.

ಮಹಿಳಾ ಪ್ರಶಸ್ತಿ: ಮಹಿಳೆಯರೇ ರಚಿಸಿದ ಎಂಟು ಅಥವಾ ಹೆಚ್ಚು ಮಂದಿಯ ನಕ್ಷತ್ರಕ್ಕೆ ಡಬ್ಲ್ಯೂಎಸ್‌ಸಿಆರ್ ಎಂಬ ಮನ್ನಣೆ ಇದೆ.

ಅರ್ಹರಾದವರಿಗೆ ಕ್ರಮಸಂಖ್ಯೆಯೊಂದನ್ನು ನೀಡಲಾಗುತ್ತದೆ. ಜಿಗಿತಗಾರರು ತಮ್ಮ ಹೆಸರಿನ ಮುಂದೆ ಈ ಸಂಖ್ಯೆಯನ್ನು ಬರೆದುಕೊಳ್ಳುವುದುಂಟು. ಕಸೂತಿ ಮಾಡಿದ ಲಾಂಛನವನ್ನು ಜಿಗಿತದ ಉಡುಪಿಗೆ ಹೊಲಿದುಕೊಳ್ಳುವುದೂ ರೂಢಿಯಲ್ಲಿದೆ. ನಗದು ಬಹುಮಾನವಾಗಲಿ ಸ್ಪರ್ಧೆಯ ಶ್ರೇಣಿಯಾಗಲಿ ಇದಕ್ಕೆ ಇಲ್ಲ. ಯಾರನ್ನೂ ಸೋಲಿಸದೆ, ಇತರ ಏಳು ಮಂದಿಯ ಸಹಕಾರದಿಂದ ಮಾತ್ರ ಪಡೆಯಬಹುದಾದ ಪ್ರಶಸ್ತಿ ಎಂಬುದು ಇದರ ವಿಶೇಷ.

ನಕ್ಷತ್ರ ರಚನೆಯ ಕ್ರಮ

ಹೊಟ್ಟೆಯನ್ನು ಕೆಳಮುಖವಾಗಿಟ್ಟುಕೊಂಡು ಬೀಳುವ ಮನುಷ್ಯನ ವೇಗವು ಗಂಟೆಗೆ ಸುಮಾರು 190 ಕಿಲೋಮೀಟರ್ ತಲುಪಿದಾಗ ಗಾಳಿಯ ತಡೆಯೂ ದೇಹದ ತೂಕವೂ ಸಮನಾಗುತ್ತವೆ. ಆ ಬಳಿಕ ವೇಗ ಹೆಚ್ಚುವುದಿಲ್ಲ. ಒಂದೇ ವೇಗದಲ್ಲಿ ಬೀಳುತ್ತಿರುವ ಇಬ್ಬರು ಒಬ್ಬರಿಗೊಬ್ಬರು ನಿಶ್ಚಲರಾಗಿರುವಂತೆ ಕಾಣುತ್ತಾರೆ. ಜೊತೆಜೊತೆಯಾಗಿ ಒಂದೇ ವೇಗದಲ್ಲಿ ಸಾಗುವ ಎರಡು ರೈಲುಗಳ ಪ್ರಯಾಣಿಕರಿಗೆ ಪಕ್ಕದ ರೈಲು ನಿಂತಂತೆ ತೋರುವುದು ಇದೇ ತತ್ತ್ವದಿಂದ. ಈ ಕಾರಣದಿಂದಲೇ ಸಮೂಹ ಜಿಗಿತಕ್ಕೆ ಮೊದಲು 'ಸಾಪೇಕ್ಷ ಕಾರ್ಯ' ಎಂಬ ಅರ್ಥದ ಹೆಸರಿತ್ತು. ಇಂದು ಅದನ್ನು ಫಾರ್ಮೇಶನ್ ಸ್ಕೈಡೈವಿಂಗ್ ಎನ್ನುತ್ತಾರೆ.

ದೇಹದ ಭಂಗಿಯನ್ನು ಬದಲಿಸುವ ಮೂಲಕ ಈ ವೇಗವನ್ನು ಅಲ್ಪ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಸೊಂಟವನ್ನು ಕೆಳಕ್ಕೆ ಒತ್ತಿ ದೇಹವನ್ನು ಬಿಲ್ಲಿನಂತೆ ಬಾಗಿಸಿದರೆ ವೇಗ ಹೆಚ್ಚುತ್ತದೆ. ಎದೆಯನ್ನು ಒಳಕ್ಕೆಳೆದು ಕೈಕಾಲುಗಳನ್ನು ಚಾಚಿದರೆ ಗಾಳಿಯ ತಡೆ ಹೆಚ್ಚಿ ವೇಗ ತಗ್ಗುತ್ತದೆ. ಕಾಲುಗಳನ್ನು ನೀಡಿದರೆ ದೇಹ ಮುಂದಕ್ಕೆ ಸರಿಯುತ್ತದೆ.

ಸಾಂಪ್ರದಾಯಿಕ ನಕ್ಷತ್ರದಲ್ಲಿ ಜಿಗಿತಗಾರರು ವಿಮಾನದ ಬಾಗಿಲಿನಿಂದ ಒಬ್ಬರ ಹಿಂದೊಬ್ಬರಂತೆ, ಪರಸ್ಪರ ಹಿಡಿದುಕೊಳ್ಳದೆ, ಹೊರಬರುತ್ತಾರೆ. ಮೊದಲಿಗನನ್ನು ಆಧಾರವೆಂದು ಪರಿಗಣಿಸಲಾಗುತ್ತದೆ. ಆತ ದಿಕ್ಕು ಬದಲಿಸದೆ ಸ್ಥಿರವಾಗಿ ಬೀಳಬೇಕು. ಎರಡನೆಯವನು ಬಂದು ಆತನ ಕೈಗಳನ್ನು ಹಿಡಿಯುತ್ತಾನೆ. ನಂತರ ಬರುವ ಪ್ರತಿಯೊಬ್ಬನೂ ಇಬ್ಬರ ನಡುವಿನ ಸ್ಥಳವನ್ನು ಆರಿಸಿಕೊಂಡು, ಅವರ ಮಣಿಕಟ್ಟುಗಳನ್ನು ಹಿಡಿದು ಸಂಜ್ಞೆ ಮಾಡುತ್ತಾನೆ. ಅವರಿಬ್ಬರೂ ತಮ್ಮ ನಡುವಿನ ಹಿಡಿತವನ್ನು ಬಿಟ್ಟಾಗ ಆತ ವೃತ್ತದ ಭಾಗವಾಗುತ್ತಾನೆ. ಹೀಗೆ ಎಂಟು ಮಂದಿ ಸೇರುವವರೆಗೆ ವೃತ್ತ ಹಿಗ್ಗುತ್ತದೆ.

ತಡವಾಗಿ ಹೊರಬಂದವರು ಮೊದಲಿನವರಿಗಿಂತ ಎತ್ತರದಲ್ಲಿರುವುದರಿಂದ ಅವರು ತಲೆ ಕೆಳಗೆ ಮಾಡಿ ವೇಗವಾಗಿ ಇಳಿದು ಬರಬೇಕಾಗುತ್ತದೆ. ಹಾಗೆಯೇ ಸರಿಯಾದ ಹೊತ್ತಿಗೆ ವೇಗ ತಗ್ಗಿಸಿ, ವೃತ್ತದ ಪಕ್ಕದಲ್ಲಿ ಅದರದೇ ಮಟ್ಟಕ್ಕೆ ಬಂದು ನಿಂತು, ಬಳಿಕ ಮೆಲ್ಲನೆ ಸಮೀಪಿಸಬೇಕು. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಆತುರದಿಂದ ಬಂದವರು ವೃತ್ತವನ್ನು ದಾಟಿ ಕೆಳಕ್ಕೆ ಹೋಗುತ್ತಾರೆ. ಒಮ್ಮೆ ಕೆಳಗಾದವರು ಮೇಲಕ್ಕೆ ಏರಲಾಗದು. ದೇಹವನ್ನು ಹರಡಿ ವೇಗ ತಗ್ಗಿಸಿ, ವೃತ್ತವು ತಮ್ಮ ಮಟ್ಟಕ್ಕೆ ಇಳಿದು ಬರುವವರೆಗೆ ಕಾಯುವುದೊಂದೇ ದಾರಿ. ವೃತ್ತದ ನೇರ ಮೇಲ್ಭಾಗಕ್ಕೆ ಬರುವುದು ಇನ್ನೂ ಅಪಾಯಕರ. ಬೀಳುವ ದೇಹಗಳ ಮೇಲ್ಭಾಗದಲ್ಲಿ ಗಾಳಿಯ ಆಸರೆ ಕುಂದಿರುವುದರಿಂದ ಅಲ್ಲಿಗೆ ಬಂದವನು ಒಮ್ಮೆಲೇ ಕುಸಿದು ಕೆಳಗಿನವರ ಬೆನ್ನಿನ ಮೇಲೆ ಬೀಳುತ್ತಾನೆ.

ಸಮಯ ಮತ್ತು ಸುರಕ್ಷತೆ

ಸುಮಾರು 13,000 ಅಡಿ ಎತ್ತರದಿಂದ ಜಿಗಿದರೆ ಮೊದಲ 1,000 ಅಡಿ ಇಳಿಯಲು 10 ಸೆಕೆಂಡುಗಳಷ್ಟು ಹಿಡಿಯುತ್ತದೆ. ಆ ನಂತರದ ಪ್ರತಿ 1,000 ಅಡಿಗೆ ಐದೂವರೆ ಸೆಕೆಂಡು ಸಾಕು. ಗುಂಪಿನಲ್ಲಿ ಆರು ಅಥವಾ ಹೆಚ್ಚು ಮಂದಿ ಇದ್ದಾಗ, ಪ್ಯಾರಾಶೂಟ್ ಬಿಚ್ಚಲು ನಿಗದಿಪಡಿಸಿದ ಎತ್ತರಕ್ಕಿಂತ ಕನಿಷ್ಠ 2,000 ಅಡಿ ಮೇಲೆಯೇ ಎಲ್ಲರೂ ಹಿಡಿತ ಬಿಡಬೇಕೆಂದು ಅಮೆರಿಕದ ಪ್ಯಾರಾಶೂಟ್ ಸಂಘ ಸೂಚಿಸುತ್ತದೆ. 3,500 ಅಡಿಯಲ್ಲಿ ಪ್ಯಾರಾಶೂಟ್ ಬಿಚ್ಚುವುದಾದರೆ 5,500 ಅಡಿಯಲ್ಲಿ ಚದುರಬೇಕು. ಹಾಗಾಗಿ ಎಂಟು ಮಂದಿಗೆ ನಕ್ಷತ್ರ ರಚಿಸಲು ಸಿಗುವುದು ಹೆಚ್ಚೆಂದರೆ 45 ಸೆಕೆಂಡುಗಳು.

ಹಿಡಿತ ಬಿಟ್ಟೊಡನೆ ಪ್ರತಿಯೊಬ್ಬರೂ ವೃತ್ತಕ್ಕೆ ಬೆನ್ನು ತಿರುಗಿಸಿ, ಕೈಗಳನ್ನು ದೇಹಕ್ಕೆ ಸಮೀಪವಾಗಿಟ್ಟು ಕಾಲು ನೀಡಿ ಅಡ್ಡಲಾಗಿ ದೂರ ಸರಿಯುತ್ತಾರೆ. ಪ್ಯಾರಾಶೂಟ್ ಬಿಚ್ಚಿದಾಗ ಜಿಗಿತಗಾರನ ವೇಗ ಕೆಲವೇ ಸೆಕೆಂಡುಗಳಲ್ಲಿ ಬಹಳವಾಗಿ ತಗ್ಗುವುದರಿಂದ, ಮೇಲಿನಿಂದ ಬೀಳುತ್ತಿರುವ ಇನ್ನೊಬ್ಬರು ಆತನಿಗೆ ಅಪ್ಪಳಿಸುವ ಸಂಭವವಿರುತ್ತದೆ. ಬಿಚ್ಚಿದ ಎರಡು ಪ್ಯಾರಾಶೂಟ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದೂ ಮಾರಕ.

ಹೀಗಾಗಿ ಎಂಟನೆಯವನು ಕೈಯಳತೆಯಲ್ಲಿದ್ದಾಗಲೇ ಎತ್ತರಮಾಪಕವು ಚದುರುವ ಎತ್ತರವನ್ನು ತೋರಿಸಿದರೆ ಪ್ರಶಸ್ತಿಯನ್ನು ಬಿಟ್ಟುಕೊಡುವುದೇ ನಿಯಮ. ಇನ್ನೊಂದು ಸೆಕೆಂಡು ಕಾಯೋಣವೆಂಬ ಆಸೆಯೇ ಈ ಪ್ರಶಸ್ತಿಯ ಹಾದಿಯಲ್ಲಿರುವ ಮುಖ್ಯ ಅಪಾಯ. ಅದು ಒಬ್ಬನ ಅಪಾಯವಲ್ಲ, ಎಂಟೂ ಮಂದಿಯದು. ಈ ಕಾರಣದಿಂದ ಹೊಸಬರನ್ನು ಮೊದಲು ಇಬ್ಬರ, ನಾಲ್ವರ ಜಿಗಿತಗಳಲ್ಲಿ ಪಳಗಿಸಿ, ಅನುಭವಿಗಳೇ ಹೆಚ್ಚಾಗಿರುವ ಗುಂಪಿನಲ್ಲಿ ಸೇರಿಸುವ ಪರಿಪಾಠವಿದೆ. ಜಿಗಿತಕ್ಕೆ ಮೊದಲು ನೆಲದ ಮೇಲೆ ನಿಂತು ಇಡೀ ಕ್ರಮವನ್ನು ನಡೆದು ತೋರಿಸುವ ತಾಲೀಮೂ ನಡೆಯುತ್ತದೆ.

ಬದಲಾದ ಕಾಲ

ನಕ್ಷತ್ರವು ಕ್ರಮೇಣ ಸ್ಪರ್ಧೆಯ ವಸ್ತುವಾಯಿತು. ಹತ್ತು ಮಂದಿಯ ನಕ್ಷತ್ರವನ್ನು ಯಾವ ತಂಡ ಬೇಗ ಪೂರ್ಣಗೊಳಿಸುತ್ತದೆ ಎಂಬ ಪಂದ್ಯಗಳು 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಗೊಂಡವು. 1975ರಲ್ಲಿ ಆಗಿನ ಪಶ್ಚಿಮ ಜರ್ಮನಿಯ ವಾರೆನ್‌ಡಾರ್ಫ್‌ನಲ್ಲಿ ಸಮೂಹ ಜಿಗಿತದ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆ ಬಳಿಕ ಒಂದೇ ವೃತ್ತದ ಬದಲು, ನಿಗದಿತ ಅವಧಿಯಲ್ಲಿ ಒಂದರ ಹಿಂದೊಂದು ಹಲವು ವಿನ್ಯಾಸಗಳನ್ನು ರಚಿಸುವ ಪದ್ಧತಿ ಬೆಳೆಯಿತು. ಇಂದಿನ ನಾಲ್ವರ ಸ್ಪರ್ಧೆಯಲ್ಲಿ 35 ಸೆಕೆಂಡುಗಳ ಅವಧಿಯಲ್ಲಿ ಪೂರ್ಣಗೊಳಿಸಿದ ವಿನ್ಯಾಸಗಳನ್ನು ಎಣಿಸಲಾಗುತ್ತದೆ. ತಂಡಗಳು ಸಮಯ ಉಳಿಸಲು ವಿಮಾನದ ಬಾಗಿಲಿನಲ್ಲಿಯೇ ಪರಸ್ಪರ ಹಿಡಿದುಕೊಂಡು ಜಿಗಿಯುತ್ತವೆ. 2006ರ ಫೆಬ್ರವರಿಯಲ್ಲಿ ಥಾಯ್ಲೆಂಡಿನ ಉಡೋನ್ ಥಾನಿಯಲ್ಲಿ 400 ಮಂದಿ ಸೇರಿ ಒಂದೇ ವಿನ್ಯಾಸವನ್ನು ರಚಿಸಿ ವಿಶ್ವದಾಖಲೆ ಸ್ಥಾಪಿಸಿದರು.

ಲಂಬ ಗಾಳಿಸುರಂಗಗಳು ಬಂದ ಮೇಲೆ ತರಬೇತಿಯ ರೀತಿಯೂ ಬದಲಾಗಿದೆ. ಕೆಳಗಿನಿಂದ ಬೀಸುವ ಗಾಳಿಯ ಮೇಲೆ ತೇಲುತ್ತ, ಒಂದೇ ದಿನದಲ್ಲಿ ಹತ್ತಾರು ಜಿಗಿತಗಳಿಗೆ ಸಮನಾದ ಅಭ್ಯಾಸವನ್ನು ಪಡೆಯಬಹುದು. ಆದರೆ ಸುರಂಗದ ಇಕ್ಕಟ್ಟಾದ ಕೋಣೆಯಲ್ಲಿ ದೂರದಿಂದ ಇಳಿದು ಬಂದು ಗುಂಪನ್ನು ಸೇರುವ ಅಭ್ಯಾಸಕ್ಕೆ ಅವಕಾಶವಿಲ್ಲ. ಆ ಹಳೆಯ ವಿದ್ಯೆಯನ್ನು ಹೊಸ ತಲೆಮಾರಿಗೆ ದಾಟಿಸುವ ಸಾಧನವಾಗಿ ಎಂಟು ಮಂದಿಯ ನಕ್ಷತ್ರವು ಇಂದಿಗೂ ಉಪಯುಕ್ತವಾಗಿದೆ.

ಇತರ ಮನ್ನಣೆಗಳು

ಅಮೆರಿಕದ ಪ್ಯಾರಾಶೂಟ್ ಸಂಘವು ಎ, ಬಿ, ಸಿ, ಡಿ ಎಂಬ ನಾಲ್ಕು ಹಂತಗಳ ಪರವಾನಗಿಗಳನ್ನು ನೀಡುತ್ತದೆ. ಅವುಗಳಿಗೆ ಅನುಕ್ರಮವಾಗಿ ಕನಿಷ್ಠ 25, 50, 200 ಮತ್ತು 500 ಜಿಗಿತಗಳು ಅಗತ್ಯ. ಇವಲ್ಲದೆ 1,000 ಜಿಗಿತಗಳನ್ನು ಪೂರೈಸಿದವರಿಗೆ ರೆಕ್ಕೆಯ ಲಾಂಛನವೂ, ಒಟ್ಟು 12 ಗಂಟೆಗಳ ಮುಕ್ತ ಪತನವನ್ನು ಪೂರೈಸಿದವರಿಗೆ ಬ್ಯಾಜ್ ಸಹ ಇವೆ. ಇವು ಎಣಿಕೆ ಮತ್ತು ಅವಧಿಯನ್ನು ಅಳೆಯುತ್ತವೆ. ಸ್ಟಾರ್ ಕ್ರೆಸ್ಟ್ ಇತರರೊಂದಿಗೆ ಹೊಂದಿಕೊಂಡು ಹಾರುವ ಸಾಮರ್ಥ್ಯವನ್ನು ಅಳೆಯುತ್ತದೆ. ಔಪಚಾರಿಕವಲ್ಲದ ಪದ್ಧತಿಗಳೂ ಬಳಕೆಯಲ್ಲಿವೆ. ಯಾವುದೇ ಸಾಧನೆಯನ್ನು ಮೊದಲ ಬಾರಿಗೆ ಮಾಡಿದ ಜಿಗಿತಗಾರ ಆ ದಿನದ ಜಿಗಿತಗಳೆಲ್ಲ ಮುಗಿದ ಬಳಿಕ ಸಂಗಡಿಗರಿಗೆ ಬಿಯರ್ ಕೊಡಿಸುವುದು ಅಮೆರಿಕದ ಜಿಗಿತ ಕೇಂದ್ರಗಳ ಹಳೆಯ ರೂಢಿ. 100ನೆಯ ಜಿಗಿತ ಮುಗಿಸಿ ಇಳಿದವರ ಮುಖಕ್ಕೆ ಕೆನೆ ತುಂಬಿದ ತಟ್ಟೆಯನ್ನು ಬಳಿಯುವ ಹುಡುಗಾಟವೂ ಇದೆ.